ಕೇಳಿಸಿದಷ್ಟೇ

2006ರ ಬೇಸಿಗೆಯಲ್ಲಿ, ನಿವೃತ್ತಿಯಾದ ಕೆಲವೇ ವಾರಗಳಲ್ಲಿ, ಅತ್ತೆ ಕಿದ್ವಾಯಿ ನಗರದ ಸರ್ಕಾರಿ ಕ್ವಾರ್ಟರ್ಸಿನ ತಾರಸಿ ಹತ್ತಿ ತಮ್ಮ ಆಂಟೆನಾವನ್ನು ತಾವೇ ಇಳಿಸಿದರು. ನೀರಿನ ಟ್ಯಾಂಕಿನ ಕಬ್ಬಿಣದ ಕಾಲಿನಿಂದ ಎದುರು ಮೂಲೆಯ ಬಿದಿರಿನ ಗಳದವರೆಗೆ ಎಳೆದಿದ್ದ ತಾಮ್ರದ ತಂತಿ ಅದು. ಸೆರಗನ್ನು ಸೊಂಟಕ್ಕೆ ಸಿಕ್ಕಿಸಿಕೊಂಡು, ತಂತಿಯನ್ನು ಹೆಬ್ಬೆರಳಿಗೂ ಮೊಣಕೈಗೂ ನಡುವೆ ಉಲ್ಲನ್ ದಾರದ ಹಾಗೆ ಸುತ್ತುತ್ತಿದ್ದರು. ಎಡಗಿವಿಯಲ್ಲಿ ಕೆಂಪು ಹರಳಿನ ಓಲೆ ಇತ್ತು. ಬಲಗಿವಿ ಬರಿದಾಗಿತ್ತು.

ಬೆಳಗಿನ ಹೊತ್ತು ಅವರ ಬಲಗಿವಿ ಯಾವಾಗಲೂ ಬರಿದೇ. ಹೆಡ್‌ಫೋನಿನ ಒಂದೇ ಬಟ್ಟಲನ್ನು ಆ ಕಿವಿಗೆ ಒತ್ತಿಕೊಂಡು ರೇಡಿಯೊ ಮುಂದೆ ಕೂರುತ್ತಿದ್ದರು. ಎಡಗಿವಿ ಅಡುಗೆಮನೆಯ ಕುಕ್ಕರಿಗೆ ಮೀಸಲು. ಓಲೆ ಒತ್ತಿ ನೋಯುತ್ತದೆಂದು ಬಿಚ್ಚಿ ರೇಡಿಯೊ ಪೆಟ್ಟಿಗೆಯ ಮೇಲಿಡುತ್ತಿದ್ದರು, ಆಮೇಲೆ ಮರೆಯುತ್ತಿದ್ದರು. ಒಂಟಿ ಓಲೆಯಲ್ಲಿ ಸಚಿವಾಲಯಕ್ಕೆ ಹೋಗಿ ಕಡತಗಳಿಗೆ ಸಹಿ ಹಾಕಿ ಬಂದ ದಿನಗಳು ಎಷ್ಟೋ. ಅಲ್ಲಿ ಯಾರೂ ಏನೂ ಕೇಳುತ್ತಿರಲಿಲ್ಲ. ಅವರು ಆ ಶಾಖೆಯ ಸೆಕ್ಷನ್ ಆಫೀಸರ್ ಆಗಿದ್ದರು.

ಅತ್ತೆ ಎಂದರೆ ನನ್ನ ತಂದೆಯ ಚಿಕ್ಕಪ್ಪನ ಮಗಳು. ಮೈಸೂರಿನವರು, ಮದುವೆಯಾಗಿ ದೆಹಲಿಗೆ ಬಂದವರು. ಮಾವನೂ ಕೇಂದ್ರ ಸರ್ಕಾರದ ನೌಕರಿಯಲ್ಲಿದ್ದು ಅವರಿಗಿಂತ ಮೊದಲೇ ನಿವೃತ್ತರಾಗಿದ್ದರು. ಒಬ್ಬಳೇ ಮಗಳು, ದೆಹಲಿಯಲ್ಲೇ ಹುಟ್ಟಿ ಬೆಳೆದವಳು. ನಾನು ಕನ್ನಡ ದಿನಪತ್ರಿಕೆಯೊಂದರ ದೆಹಲಿ ವರದಿಗಾರ್ತಿಯಾಗಿ 2001ರಲ್ಲಿ ಬಂದಾಗ ಮುನಿರ್ಕಾದಲ್ಲಿ ಬಾಡಿಗೆ ಕೋಣೆ ಹಿಡಿದಿದ್ದೆ. ಭಾನುವಾರ ಬೆಳಿಗ್ಗೆ ಬಸ್ಸು ಹತ್ತಿ ಅವರ ಮನೆಗೆ ಹೋದರೆ ಹುಳಿಯನ್ನ ಖಚಿತವಾಗಿತ್ತು.

ಮೊದಲ ಭಾನುವಾರ ಬಾಗಿಲು ತೆರೆದವರು ಮಾವ. "ಬಾರಮ್ಮ, ಕೂತ್ಕೋ. ನಮ್ಮನೆ ಯಂಗ್ ಲೇಡಿ ಮಾತಾಡ್ತಿದಾಳೆ" ಎಂದರು. ಹ್ಯಾಮ್ ರೇಡಿಯೊದವರ ಲೋಕದಲ್ಲಿ ಗಂಡಸು ಎಷ್ಟೇ ಚಿಕ್ಕವನಾದರೂ 'ಓಲ್ಡ್ ಮ್ಯಾನ್', ಹೆಂಗಸು ಎಷ್ಟೇ ದೊಡ್ಡವಳಾದರೂ 'ಯಂಗ್ ಲೇಡಿ' ಎಂದು ಆಮೇಲೆ ತಿಳಿಯಿತು. ಒಳಗೆ, ಹೊಲಿಗೆ ಯಂತ್ರದ ಮೇಜಿನ ಮೇಲೆ ಒಂದು ಕಪ್ಪು ಪೆಟ್ಟಿಗೆ, ಅದರೆದುರು ಮೈಕ್ ಹಿಡಿದ ಅತ್ತೆ. ನನ್ನ ಕಡೆ ತಿರುಗದೆ ಎಡಗೈ ಎತ್ತಿ ಕೂರು ಎಂದು ಸನ್ನೆ ಮಾಡಿದರು. ಪೆಟ್ಟಿಗೆಯಿಂದ ಯಾರೋ ಗಂಡಸು ಮೈಸೂರು ಕನ್ನಡದಲ್ಲಿ ಹಲಸಿನ ಹಣ್ಣು ಬಿಡಿಸುವ ವಿಧಾನ ವಿವರಿಸುತ್ತಿದ್ದರು.

ಸರ್ಕಾರದ ಪರೀಕ್ಷೆ ಪಾಸು ಮಾಡಿ, ಲೈಸೆನ್ಸ್ ಪಡೆದು, ಸ್ವಂತ ಯಂತ್ರದಿಂದ ಆಕಾಶದ ಮೂಲಕ ಅಪರಿಚಿತರೊಡನೆ ಮಾತನಾಡುವುದು ಈ ಹವ್ಯಾಸ. ವ್ಯಾಪಾರದ ಮಾತು ಕೂಡದು, ರಾಜಕೀಯ ಕೂಡದು, ಬೇರೆಯವರ ಪರವಾಗಿ ಸುದ್ದಿ ಮುಟ್ಟಿಸುವುದೂ ಕೂಡದು. ಉಳಿಯುವುದು ಹವಾಮಾನ, ಯಂತ್ರದ ಕಾಯಿಲೆ, ಹಲಸಿನ ಹಣ್ಣು. ಅತ್ತೆಗೆ ಅಷ್ಟು ಸಾಕಾಗಿತ್ತು. ಸೂರ್ಯ ಹುಟ್ಟುವ ಹೊತ್ತಿಗೆ ಸೈಬೀರಿಯಾದ ಶಾಲಾ ಶಿಕ್ಷಕನೊಬ್ಬ ಸಿಕ್ಕಿ ತನ್ನ ಊರಿನ ಚಳಿ ಎಷ್ಟೆಂದು ಹೇಳಿದರೆ, ಇವರು ದೆಹಲಿಯ ಸೆಕೆ ಹೇಳಿ, ಇಬ್ಬರೂ ನಕ್ಕು ಬೀಳ್ಕೊಡುತ್ತಿದ್ದರು. ಅವತ್ತು ಇಡೀ ದಿನ ಅವರ ಮುಖ ಹಬ್ಬದ ಮುಖವಾಗಿರುತ್ತಿತ್ತು. "ಬೆಳಗಾಗ್ತಿದ್ದ ಹಾಗೆ ಒಂದು ದಾರಿ ತೆರೆಯತ್ತೆ ಕಣೇ. ಸ್ವಲ್ಪ ಹೊತ್ತಷ್ಟೆ. ಆಮೇಲೆ ಮುಚ್ಚಿಹೋಗತ್ತೆ. ಆ ಹೊತ್ತಲ್ಲಿ ನಾವು ಅಲ್ಲಿ ಕೂತಿರ್ಬೇಕು" ಎನ್ನುತ್ತಿದ್ದರು.

ಈ ಗೀಳು ಹತ್ತಿದ್ದು ಹೇಗೆಂದು ಕೇಳಿದ್ದೆ. ಮದುವೆಯಾದ ಹೊಸತರಲ್ಲಿ, ಹಿಂದಿ ಬಾರದೆ, ಮಾತಿಗೆ ಜನವಿಲ್ಲದೆ ಇದ್ದ ದಿನಗಳಲ್ಲಿ, ಮನೆಯ ಹಳೆಯ ರೇಡಿಯೊ ತಿರುಗಿಸುವಾಗ ಇಬ್ಬರು ಕನ್ನಡದಲ್ಲಿ ಮಾತನಾಡುವುದು ಕೇಳಿಸಿತಂತೆ. ನಿಲಯದ ಕಾರ್ಯಕ್ರಮವಲ್ಲ, ಪಕ್ಕದ ಮನೆಯ ಮಾತಿನಂಥ ಮಾತು. "ಅವರು ಮಾತಾಡೋದು ನಂಗೆ ಕೇಳಿಸ್ತಿತ್ತು. ನಾನಿದೀನಿ ಅಂತ ಅವರಿಗೆ ಗೊತ್ತಿರಲಿಲ್ಲ. ತುಂಬ ಸಂಕಟ ಆಯ್ತು. ಮಾರನೇ ದಿನವೇ ಲೈಸೆನ್ಸ್ ಎಲ್ಲಿ ಕೊಡ್ತಾರೆ ಅಂತ ವಿಚಾರಿಸೋಕೆ ಶುರು ಮಾಡ್ದೆ." ಮೋರ್ಸ್ ಸಂಕೇತದ ಪರೀಕ್ಷೆಯಲ್ಲಿ ಎರಡು ಸಲ ಫೇಲಾದರು. ಮೂರನೆಯ ಸಲಕ್ಕೆ ಓದುವಾಗ ಸಟ್ಟುಗದಿಂದ ಕಾವಲಿಯ ಅಂಚಿಗೆ ಕುಟ್ಟಿ ಕುಟ್ಟಿ ಅಭ್ಯಾಸ ಮಾಡಿದರೆಂದೂ, ಆ ತಿಂಗಳು ಮನೆಯಲ್ಲಿ ಒಂದೂ ದೋಸೆ ನೆಟ್ಟಗೆ ಏಳಲಿಲ್ಲವೆಂದೂ ಮಾವನ ಹೇಳಿಕೆ.

ಹ್ಯಾಮ್‌ಗಳಲ್ಲಿ ಒಂದು ಪದ್ಧತಿಯಿದೆ. ಇನ್ನೊಬ್ಬರು ಸಿಕ್ಕಿದೊಡನೆ ಅವರ ದನಿ ಹೇಗೆ ಬರುತ್ತಿದೆ ಎಂದು ಎರಡು ಅಂಕಿಗಳಲ್ಲಿ ವರದಿ ಕೊಡಬೇಕು. ಮಾತು ಎಷ್ಟು ಅರ್ಥವಾಗುತ್ತಿದೆ ಎಂಬುದಕ್ಕೆ ಒಂದರಿಂದ ಐದು. ದನಿಯ ಬಲ ಎಷ್ಟು ಎಂಬುದಕ್ಕೆ ಒಂದರಿಂದ ಒಂಬತ್ತು. ಎಲ್ಲವೂ ಚೆನ್ನಾಗಿದ್ದರೆ 'ಫೈವ್ ನೈನ್'. ಆದರೆ ಅದು ಉಭಯಕುಶಲೋಪರಿಯ ಹಾಗೆ ಆಗಿಹೋಗಿದೆ. ಕೇಳಿಸಲಿ ಬಿಡಲಿ, ಎಲ್ಲರೂ ಎಲ್ಲರಿಗೂ ಫೈವ್ ನೈನ್ ಕೊಡುತ್ತಾರೆ. "ನೀವು ಫೈವ್ ನೈನ್ ಬರ್ತಿದೀರಿ ಸರ್, ನಿಮ್ಮ ಹೆಸರು ಇನ್ನೊಂದು ಸಲ ಹೇಳಿ, ಕೇಳಿಸ್ಲಿಲ್ಲ" ಎಂದು ಯಾರೋ ಹೇಳಿದ್ದನ್ನು ನಾನೇ ಕೇಳಿದ್ದೇನೆ. ಅತ್ತೆ ಮೈಕ್ ಆರಿಸಿ ಹೊಟ್ಟೆ ಹಿಡಿದು ನಕ್ಕಿದ್ದರು.

ಅವರು ಮಾತ್ರ ಕೇಳಿಸಿದಷ್ಟನ್ನೇ ಹೇಳುತ್ತಿದ್ದರು. ಭಾನುವಾರ ಬೆಳಗಿನ ಹೊತ್ತು ಕನ್ನಡ ಬಲ್ಲ ಕೆಲವರು ಒಂದೇ ಕಡೆ ಸೇರಿ ಮಾತನಾಡುವ ಕೂಟವೊಂದಿತ್ತು. ಅದನ್ನು ಅವರು ನೆಟ್ ಎನ್ನುತ್ತಿದ್ದರು. ನಡೆಸುತ್ತಿದ್ದವರು ಮೈಸೂರಿನ ಹಿರಿಯರೊಬ್ಬರು, ನಿವೃತ್ತ ಕಾಲೇಜು ಮೇಷ್ಟ್ರು. ಎಲ್ಲರಿಗೂ ಧಾರಾಳವಾಗಿ ಫೈವ್ ನೈನ್ ಹಂಚುವವರು. ಒಂದು ಭಾನುವಾರ ಅತ್ತೆ ಅವರಿಗೆ "ತ್ರೀ ಫೋರ್ ಸರ್" ಎಂದರು.

ಆ ಕಡೆಯಿಂದ ಉತ್ತರ ಬಂತು: "ಮೇಡಂ, ನಿಮ್ಮ ರಿಸೀವರ್ ಒಂದ್ಸಲ ಚೆಕ್ ಮಾಡಿಸ್ಕೊಳ್ಳಿ. ಬೇರೆ ಎಲ್ಲರೂ ಫೈವ್ ನೈನ್ ಕೊಟ್ಟಿದಾರೆ."

"ಚೆಕ್ ಮಾಡ್ದೆ ಸರ್. ನಿಮ್ಮ ಪಕ್ಕದ ಬೀದಿಯವರು ಫೈವ್ ಸೆವೆನ್ ಬರ್ತಿದಾರೆ. ನೀವು ಹೋದ ತಿಂಗಳು ಫೈವ್ ಏಯ್ಟ್ ಇದ್ರಿ. ಏನೋ ಆಗಿದೆ, ನೋಡಿಸಿ."

"ಆಗ್ಲಿ" ಎಂದು ಅವರು ಮುಂದಿನವರನ್ನು ಕರೆದರು. ಆ ದನಿಯಲ್ಲಿನ ಬಿಗಿ ತ್ರೀ ಫೋರ್‌ನಲ್ಲೂ ಸ್ಪಷ್ಟವಾಗಿ ಕೇಳಿಸಿತು.

"ಪಾಪ, ಹಿರಿಯರು. ಒಂದು ಫೈವ್ ನೈನ್ ಕೊಟ್ಟಿದ್ರೆ ನಿನ್ನ ಗಂಟೇನು ಹೋಗ್ತಿತ್ತು?" ಎಂದರು ಮಾವ.

"ಅವರಿಗೆ ಅವರ ದನಿ ಕೇಳಿಸಲ್ಲಾರೀ. ನಾನು ಹೇಳ್ದೆ ಇದ್ರೆ ಅವರಿಗೆ ಹೇಗೆ ಗೊತ್ತಾಗ್ಬೇಕು?"

ಎರಡು ವಾರ ಕಳೆದ ಮೇಲೆ ಅದೇ ಹಿರಿಯರು ನೆಟ್‌ನಲ್ಲಿ, ಎಲ್ಲರೂ ಕೇಳುವ ಹಾಗೆ, ತಮ್ಮ ಆಂಟೆನಾದ ಕೇಬಲ್ ನೀರು ಕುಡಿದಿತ್ತೆಂದೂ ಬದಲಾಯಿಸಿದ್ದಾಗಿಯೂ ತಿಳಿಸಿದರು. ಅತ್ತೆಗೆ ಥ್ಯಾಂಕ್ಸ್ ಹೇಳಲಿಲ್ಲ. ಆ ಮೇಲೂ ಎಲ್ಲರಿಗೂ ಫೈವ್ ನೈನ್ ಕೊಡುವುದನ್ನು ಬಿಡಲಿಲ್ಲ.

ನಾನು ಬರೆದ ವರದಿಗಳನ್ನು ಅತ್ತೆ ತಪ್ಪದೆ ಓದುತ್ತಿದ್ದರು. ಪತ್ರಿಕೆ ಅಂಚೆಯಲ್ಲಿ ಹಳತಾಗಿ ಬರುತ್ತಿತ್ತು. ಒಮ್ಮೆ, ಸಂಸತ್ತಿನ ಹೊರಗೆ ನೂಕುನುಗ್ಗಲಿನಲ್ಲಿ ಮಂತ್ರಿಯೊಬ್ಬರು ಆಡಿದ ಮಾತು ನನ್ನ ವರದಿಯಲ್ಲಿತ್ತು. ಅತ್ತೆ ಅದರ ಮೇಲೆ ಬೆರಳಿಟ್ಟು, "ಇದು ಎಷ್ಟು ಕೇಳಿಸಿತ್ತು?" ಎಂದರು. ಪೂರ್ತಿ ಕೇಳಿಸಿತ್ತು ಎಂದೆ. ಬೆರಳು ಮುಂದಿನ ಸಾಲಿಗೆ ಸರಿಯಿತು. "ಇದು?" ಅದು ಪಕ್ಕದಲ್ಲಿದ್ದ ವರದಿಗಾರರಿಂದ ಖಚಿತಪಡಿಸಿಕೊಂಡದ್ದು ಎಂದೆ. "ಹಾಗಾದ್ರೆ ಅದು ಫೈವ್ ಅಲ್ಲ, ತ್ರೀ. ಬರೀಬೇಡ ಅನ್ನಲ್ಲ. ತ್ರೀ ಅಂತ ನಿನಗೆ ಗೊತ್ತಿರ್ಲಿ." ಅಂದಿನಿಂದ ನನ್ನ ಟಿಪ್ಪಣಿಯ ಪ್ರತಿ ಹೇಳಿಕೆಯ ಪಕ್ಕದಲ್ಲೂ ಒಂದು ಅಂಕಿ ಬರೆಯತೊಡಗಿದೆ. ಐದು ಎಂದರೆ ನಾನೇ ಕೇಳಿದ್ದು, ಒಂದೊಂದು ಪದವೂ. ಮೂರು ಎಂದರೆ ಭಾವ ಸರಿ, ಪದ ಖಾತ್ರಿಯಿಲ್ಲ. ಮೂರನ್ನು ಉದ್ಧರಣ ಚಿಹ್ನೆಯೊಳಗೆ ಹಾಕುವುದಿಲ್ಲ. ಇಂದಿಗೂ ನನ್ನ ಪದ್ಧತಿ ಅದೇ.

ನಿವೃತ್ತಿಯ ನಂತರ ಅವರು ಹೋದದ್ದು ಗ್ರೇಟರ್ ನೋಯ್ಡಾಗೆ. ಸರ್ಕಾರಿ ನೌಕರರು ಸೇರಿ ಕಟ್ಟಿಸಿಕೊಂಡ ಫ್ಲಾಟುಗಳು. ಮಾವ ಬಹಳ ಹಿಂದೆಯೇ ಹೆಸರು ಬರೆಸಿದ್ದರು. ಅಗಲ ರಸ್ತೆಗಳು, ಖಾಲಿ ಸೈಟುಗಳು, ಗಾಳಿ. ಆಂಟೆನಾಗೆ ಹೇಳಿ ಮಾಡಿಸಿದ ಜಾಗ. ಆದರೆ ತಾರಸಿ ಸೊಸೈಟಿಯದು. ಅಲ್ಲಿ ಏನೇ ಕಟ್ಟಬೇಕಾದರೂ ಕಮಿಟಿಯ ಒಪ್ಪಿಗೆ ಬೇಕು. ಅತ್ತೆ ಮೊದಲು ಲೈಸೆನ್ಸಿನಲ್ಲಿ ವಿಳಾಸ ಬದಲಾಯಿಸಿಕೊಂಡರು. ಆ ಮೊಹರು ಬೀಳುವವರೆಗೆ ಪೆಟ್ಟಿಗೆಗೆ ವಿದ್ಯುತ್ ಕೊಡಲಿಲ್ಲ. ಆಮೇಲೆ ಸೊಸೈಟಿಗೆ ಅರ್ಜಿ ಹಾಕಿದರು.

ಸಭೆ ನಡೆದದ್ದು ಕೆಳಗಿನ ಪಾರ್ಕಿಂಗಿನಲ್ಲಿ, ಪ್ಲಾಸ್ಟಿಕ್ ಕುರ್ಚಿ ಹಾಕಿಕೊಂಡು. ಸಮೋಸ, ಚಹಾ ಇತ್ತು. ನಾನೂ ಹಿಂದಿನ ಸಾಲಿನಲ್ಲಿ ಕೂತಿದ್ದೆ. ಸೊಸೈಟಿಯ ಸೆಕ್ರೆಟರಿ ರೈಲ್ವೆಯಿಂದ ನಿವೃತ್ತರಾದ ಅಧಿಕಾರಿ, ಕೆಡುಕಿನವರಲ್ಲ. ಅವರೇ ದಾರಿ ತೋರಿಸಿದರು. "ಮೇಡಂಜೀ, ನಿಮ್ಮ ರೇಡಿಯೊದಿಂದ ಯಾರ ಟಿವಿಗೂ ತೊಂದರೆ ಆಗೋದಿಲ್ಲ ಅಂತ ಒಂದು ಸಾಲು ಬರೆದುಕೊಡಿ. ಇವತ್ತೇ ಪಾಸು" ಎಂದರು ಹಿಂದಿಯಲ್ಲಿ.

ಅತ್ತೆ ಎದ್ದು ನಿಂತರು. "ಅದನ್ನ ಬರೆಯೋಕಾಗಲ್ಲ. ಆಗಬಹುದು. ಆದರೆ ನಾನು ಆ ಕ್ಷಣವೇ ನಿಲ್ಲಿಸಿ, ಸರಿಮಾಡಿ, ಆಮೇಲೆ ಶುರು ಮಾಡ್ತೀನಿ. ಅದನ್ನ ಬರೆದುಕೊಡ್ತೀನಿ."

'ಆಗಬಹುದು' ಎಂಬ ಮಾತು ಕುರ್ಚಿಯಿಂದ ಕುರ್ಚಿಗೆ ಹರಡಿತು. ಕ್ರಿಕೆಟ್ ಮ್ಯಾಚಿನ ನಡುವೆ ಆದರೆ ಏನು ಗತಿ ಎಂದು ಒಬ್ಬರು ಕೇಳಿದರು. ಮಕ್ಕಳ ಮೆದುಳಿಗೆ ಏಟು ಬೀಳುತ್ತದೆಯೇ ಎಂದು ಇನ್ನೊಬ್ಬರು. ಕೈ ಎತ್ತಿಸಿ ಎಣಿಸಿದಾಗ ಅತ್ತೆಯ ಪರವಾಗಿ ಮೇಲಿದ್ದದ್ದು ಮಾವನ ಕೈ ಮತ್ತು ಇನ್ನು ಕೆಲವರದಷ್ಟೇ.

ಮನೆಗೆ ಬಂದ ಮೇಲೆ ಮಗಳು ರೇಗಿದಳು. "ಮಮ್ಮಿ, ಬಾಲ್ಕನೀಲಿ ಒಂದು ಪತ್ಲಾ ವೈರ್ ಹಾಕು, ಕಪಡೆ ಸುಖಾನೆ ಕಾ ತಾರ್ ಹೈ ಅಂತ ಹೇಳು. ಕೌನ್ ದೇಖೇಗಾ, ಯಾರು ನೋಡ್ತಾರೆ? ಎಲ್ಲಾರೂ ಹಾಗೇ ಮಾಡೋದು."

"ಬಟ್ಟೆ ಒಣಗಿಸೋ ತಂತಿ ಅಂತ ಹೇಳಿದ್ಮೇಲೆ ಅದರಲ್ಲಿ ಬಟ್ಟೆನೇ ಒಣಗಿಸ್ಬೇಕಾಗತ್ತೆ" ಎಂದರು ಅತ್ತೆ. "ನಂಗೆ ಬೇಕಾಗಿರೋದು ಆಂಟೆನಾ."

"ತೋ ಫಿರ್ ಬೈಠೋ ಚುಪ್‌ಚಾಪ್."

"ಚುಪ್‌ಚಾಪ್ ಯಾಕೆ ಕೂರ್ಲಿ?"

ಕೂರಲಿಲ್ಲ. ಗಾಡಿಯಲ್ಲಿಟ್ಟು ರೇಡಿಯೊ ನಡೆಸುವ ಅನುಮತಿ ಅವರಲ್ಲಿತ್ತು. ಸೊಸೈಟಿಯ ಗೇಟಿನೆದುರು, ರಸ್ತೆಯ ಆಚೆ ಬದಿಯ ಖಾಲಿ ಜಾಗದಲ್ಲಿ ಮಾವನ ಮಾರುತಿ ನಿಲ್ಲಿಸಿ, ಹಿಂದಿನ ಬಂಪರಿಗೆ ಉದ್ದನೆಯ ಕಡ್ಡಿಯಂಥ ಆಂಟೆನಾ ಕಚ್ಚಿಸಿ, ಬೆಳಿಗ್ಗೆ ಹೊತ್ತು ಅಲ್ಲಿಂದ ಮಾತನಾಡತೊಡಗಿದರು. ಚಳಿಗಾಲ ಬಂತು, ಮಂಜು ಬಂತು. ಇಂಜಿನ್ ಚಾಲೂ ಇದ್ದರೆ ರೇಡಿಯೊದಲ್ಲಿ ಬರೀ ಗರಗರ. ಆರಿಸಿದರೆ ಹೀಟರ್ ಇಲ್ಲ. ಅತ್ತೆ ಆರಿಸಿಯೇ ಇಟ್ಟರು. ಹಿಂದಿನ ಸೀಟಿನಲ್ಲಿ ಶಾಲು ಹೊದ್ದು ಮೈಕ್ ಹಿಡಿದ ಅವರು, ಮುಂದಿನ ಸೀಟಿನಲ್ಲಿ ಮಂಕಿ ಕ್ಯಾಪ್ ಹಾಕಿ ಪೇಪರ್ ಓದುವ ಮಾವ. "ಕ್ವಾರ್ಟರ್ಸಲ್ಲಿ ಇದ್ದಾಗ ಬಿಸಿ ಕಾಫಿಯಾದ್ರೂ ಇತ್ತು" ಎಂದು ಅವರು ಗೊಣಗುವುದು ಸೈಬೀರಿಯಾದವರೆಗೂ ಹೋಗಿರಬೇಕು.

ಒಮ್ಮೆ ಪೊಲೀಸ್ ಜಿಪ್ಸಿ ಜೀಪು ಬಂದು ನಿಂತಿತು. "ಆಂಟೀಜೀ, ಯಾರ ಹತ್ತಿರ ಮಾತಾಡ್ತಿದೀರಿ?" ಎಂದ ಪೊಲೀಸಿನವನು.

"ಮೈಸೂರು."

"ಮೊಬೈಲ್ ಇಲ್ವಾ?"

"ಇದೆ. ಇದರಲ್ಲೇ ಮಜಾ."

ಅವನು ಲೈಸೆನ್ಸನ್ನು ತಿರುಗಿಸಿ ಮುರುಗಿಸಿ ನೋಡಿ, ಸ್ವಲ್ಪ ಹೊತ್ತು ಕಿಟಕಿಗೆ ಒರಗಿ ಕೇಳಿ, ಹೊರಟುಹೋದ. ತರಕಾರಿ ಗಾಡಿಯ ಭಯ್ಯಾ ಮಾತ್ರ ದಿನವೂ ನಿಲ್ಲುತ್ತಿದ್ದ. ಇವತ್ತು ಯಾವ ದೇಶ ಎಂದು ಕೇಳಿ ಮುಂದೆ ಹೋಗುತ್ತಿದ್ದ.

ಆ ಚಳಿಗಾಲದುದ್ದಕ್ಕೂ ಅತ್ತೆ ತಿಂಗಳಿಗೊಮ್ಮೆ ಅದೇ ಅರ್ಜಿಯನ್ನು ಮತ್ತೆ ಕೊಟ್ಟರು. ಒಂದಕ್ಷರ ಬದಲಿಲ್ಲ. 'ತೊಂದರೆ ಆಗಬಹುದು, ಆದರೆ ನಿಲ್ಲಿಸಿ ಸರಿಮಾಡುತ್ತೇನೆ.' ಸೆಕ್ರೆಟರಿ ಬೆಳಗಿನ ವಾಕಿಂಗಿನಲ್ಲಿ ಕಾರಿನ ಹತ್ತಿರ ನಿಂತು, ಮೇಡಂಜೀ, ಆ ಒಂದು ಸಾಲು ಬದಲಾಯಿಸಿ ಎನ್ನುವರು. ಆ ಸಾಲು ಬದಲಾಗಲ್ಲ ಎಂದು ಇವರು. ಇಬ್ಬರೂ ನಮಸ್ತೆ ಹೇಳಿ ಬೀಳ್ಕೊಳ್ಳುವರು. ಚಳಿ ಇಳಿಯುವ ಹೊತ್ತಿಗೆ ಸೆಕ್ರೆಟರಿಯೇ ಸೋತರು. ಒಂದು ತಿಂಗಳ ಪರೀಕ್ಷೆ: ತಾರಸಿಯ ಮೇಲೆ ತಂತಿ ಕಟ್ಟಲಿ, ಮಾತನಾಡಲಿ, ದೂರು ಬಂದರೆ ಇಳಿಸಲಿ, ಬರದಿದ್ದರೆ ಸಭೆಯ ಮುಂದಿಡೋಣ.

ತಂತಿ ಏರಿತು. ಪ್ರತಿ ಭಾನುವಾರ ನೆಟ್ ಮುಗಿದ ಮೇಲೆ ಅತ್ತೆ ಮನೆಮನೆಯ ಗಂಟೆ ಒತ್ತಿ ಕೇಳಿಕೊಂಡು ಬರುತ್ತಿದ್ದರು. ಟಿವಿ ಸರಿಯಿದೆಯೇ, ಗೆರೆ ಬಂತೇ, ದನಿ ಬಂತೇ. 'ಸಬ್ ಠೀಕ್ ಹೈ ಮೇಡಂ' ಎಂಬುದೇ ಎಲ್ಲ ಬಾಗಿಲುಗಳ ಉತ್ತರ. ಮಾವ ಖುಷಿಯಾಗಿದ್ದರು. ಅತ್ತೆ ಆಗಿರಲಿಲ್ಲ. "ಎಲ್ಲರೂ ಫೈವ್ ನೈನ್ ಕೊಡ್ತಿದಾರೆ ಕಣೇ. ಒಬ್ಬರಾದ್ರೂ ಟಿವಿ ಹಾಕಿ ನೋಡಿದಾರಾ ಅಂತ ನಂಗೆ ಅನುಮಾನ."

ಪರೀಕ್ಷೆಯ ತಿಂಗಳು ಮುಗಿಯುವ ವಾರ ನಾನು ಅಲ್ಲಿದ್ದೆ. ಅವರ ಜೊತೆ ಬಾಗಿಲುಗಳನ್ನು ಸುತ್ತುತ್ತ ಕೆಳಗಿನ ಮಹಡಿಯ ಪಂಜಾಬಿ ಅಜ್ಜಿಯ ಮನೆಗೆ ಹೋದೆ. ಎಲ್ಲರೂ ಅವರನ್ನು ಬೀಜಿ ಎನ್ನುತ್ತಿದ್ದರು. ಮಗ ಸೊಸೆ ಬೆಳಿಗ್ಗೆಯೇ ಕೆಲಸಕ್ಕೆ ದೂರ ಹೋಗುತ್ತಿದ್ದರು. ಬೀಜಿ ಇಡೀ ದಿನ ಒಬ್ಬರೇ. ಟಿವಿ ಚೆನ್ನಾಗಿದೆ ಎಂದರು. ಆಮೇಲೆ ತಾವಾಗಿಯೇ, "ಗುರುವಾರ ಯಾಕಮ್ಮ ಪಾಠ್ ಮಾಡ್ಲಿಲ್ಲ?" ಎಂದು ಕೇಳಿದರು. ಪಾಠ್ ಎಂದರೆ ಅವರಲ್ಲಿ ದೇವರ ಗ್ರಂಥದ ಪಾರಾಯಣ.

ಗುರುವಾರ ಬೆಳಿಗ್ಗೆ ಕರೆಂಟ್ ಇರಲಿಲ್ಲ. ಅತ್ತೆ ಮಾತನಾಡಿರಲಿಲ್ಲ.

"ಯಾವ ಪಾಠ್, ಬೀಜಿ?"

"ಫೋನಲ್ಲಿ ಬರತ್ತಲ್ಲ, ನಿಮ್ಮ ಮದ್ರಾಸಿ ಪಾಠ್. ದಿನಾ ಬೆಳಿಗ್ಗೆ ಫೋನ್ ಎತ್ತಿ ಕೇಳ್ತೀನಿ. ಅರ್ಥ ಆಗಲ್ಲ. ಮನಸ್ಸಿಗೆ ಹಾಯಾಗತ್ತೆ."

ಅತ್ತೆ ನನ್ನ ಕಡೆ ತಿರುಗಿದರು. "ನೀನು ಇಲ್ಲೇ ಕೂತು ಈ ಫೋನ್ ಕಿವಿಗಿಟ್ಕೋ. ನಾನು ಮೇಲೆ ಹೋಗಿ ಮಾತಾಡ್ತೀನಿ. ಕೇಳಿಸಿದ್ದನ್ನ ಕೇಳಿಸಿದ ಹಾಗೆ ಹೇಳ್ಬೇಕು."

ಅವರು ಹೋದ ಮೇಲೆ ಬೀಜಿ ನನ್ನ ಪಕ್ಕ ಬಂದು ಕೂತರು. ಫೋನಿನಲ್ಲಿ ಡಯಲ್ ಟೋನಿನ ಹಿಂದೆ ಒಂದು ಗುನುಗು ಶುರುವಾಯಿತು. ಗಂಟಲಲ್ಲೇ ಸಿಕ್ಕಿಕೊಂಡು ಏರಿಳಿಯುವ ದನಿ. ಪದ ಒಂದೂ ಬಿಡಿಯಾಗಿ ಬರುತ್ತಿಲ್ಲ. ಅದು ಅತ್ತೆಯ ದನಿ ಎಂದು ತಿಳಿಯದವರಿಗೆ ಪಾರಾಯಣವೆಂದೇ ತೋರಬೇಕು. ಬೀಜಿ ನನ್ನ ಕೈ ಹಿಡಿದುಕೊಂಡರು. "ಬೇಟಾ, ಹೇಳಬೇಡ. ಹೇಳಿದ್ರೆ ಅವಳು ನಿಲ್ಲಿಸಿಬಿಡ್ತಾಳೆ."

ಮೇಲಿನಿಂದ ಅತ್ತೆ ಇಳಿದು ಬಂದು ಬಾಗಿಲಲ್ಲಿ ನಿಂತರು. ಇನ್ನು ನಾಲ್ಕಾರು ದಿನ ಕಳೆದಿದ್ದರೆ ಪರೀಕ್ಷೆಯ ತಿಂಗಳು ಮುಗಿಯುತ್ತಿತ್ತು. ದೂರು ಕೊಟ್ಟವರು ಯಾರೂ ಇರಲಿಲ್ಲ. ತಂತಿ ಇಳಿದರೆ ಮತ್ತೆ ಏರುವ ಭರವಸೆಯಿರಲಿಲ್ಲ. ಇದೆಲ್ಲ ನಮಗಿಬ್ಬರಿಗೂ ಗೊತ್ತಿತ್ತು.

"ಕೇಳಿಸ್ತಾ?"

"ಕೇಳಿಸ್ತು."

"ಎಷ್ಟು?"

"ಅರ್ಥ ಒಂದು. ಬಲ ಏಳು."

ಬೀಜಿ ನನ್ನ ಕೈ ಬಿಟ್ಟರು.

ಅತ್ತೆ ಅಲ್ಲಿಂದ ನೇರವಾಗಿ ಸೆಕ್ರೆಟರಿಯ ಮನೆಗೆ ನಡೆದರು. ಪರೀಕ್ಷೆ ಫೇಲಾಯಿತು, ತಂತಿ ಇಳಿಸುತ್ತೇನೆ ಎಂದರು. ಸೆಕ್ರೆಟರಿ, ದೂರು ಕೊಟ್ಟವರು ಯಾರು ಎಂದು ಕೇಳಿದರು.

"ನಾನೇ."

"ಯಾರ ಮೇಲೆ?"

"ನನ್ನ ಮೇಲೆ."

ಸೆಕ್ರೆಟರಿ ಕನ್ನಡಕ ತೆಗೆದು ಮೇಜಿನ ಮೇಲಿಟ್ಟರು. "ನನ್ನ ಇಡೀ ಸರ್ವಿಸಿನಲ್ಲಿ ವಾದಿ ಪ್ರತಿವಾದಿ ಒಂದೇ ಕುರ್ಚಿಯಲ್ಲಿ ಕೂತದ್ದನ್ನ ನೋಡಿರಲಿಲ್ಲ, ಮೇಡಂಜೀ. ಬೀಜಿಗೆ ತೊಂದರೆಯಿಲ್ಲ ಅಂದ್ರೆ ನಿಮಗೇನು?"

"ಬೀಜಿಗೆ ತೊಂದರೆ ಇಲ್ಲ. ಆದ್ರೆ ಫೋನ್ ಇರೋದು ಫೋನ್ ಮಾಡೋಕೆ. ಒಂದಿನ ಅವರಿಗೆ ಮೈ ಹುಷಾರಿಲ್ದೆ ಮಗನಿಗೆ ಫೋನ್ ಮಾಡ್ಬೇಕಾದ್ರೆ, ನಡುವೆ ನಾನು ಬಾಯಿ ಹಾಕಿರ್ತೀನಿ."

ಅವತ್ತೇ ಮಧ್ಯಾಹ್ನ ತಂತಿ ಇಳಿಯಿತು. ಮಾವ ಏಣಿ ಹಿಡಿದು ನಿಂತಿದ್ದರು. ಕೊನೆಗೆ, "ನಾಳೆಯಿಂದ ಮತ್ತೆ ಮಂಕಿ ಕ್ಯಾಪಾ?" ಎಂದರು. ಹೌದು ಎಂದರು ಅತ್ತೆ.

ಆ ಬೇಸಿಗೆಯೆಲ್ಲ ಅವರು ಬೀಜಿಯ ಫೋನಿನ ಹಿಂದೆ ಬಿದ್ದರು. ಬೆಳಿಗ್ಗೆ ಕಾರಿನಲ್ಲಿ ರೇಡಿಯೊ, ಆಮೇಲೆ ಬೀಜಿಯ ಮನೆ. ರೇಡಿಯೊದ ದನಿ ನುಸುಳದಂತೆ ಫೋನಿನ ತಂತಿಯನ್ನು ಕಪ್ಪು ಅಯಸ್ಕಾಂತದ ಬಳೆಯಂಥದೊಂದಕ್ಕೆ ಸುತ್ತಿ ನೋಡಿದರು. ತಾರಸಿಯಲ್ಲಿ ತಮ್ಮ ಆಂಟೆನಾ ಹಾದುಹೋಗುವ ದಾರಿಯನ್ನು ಟೆಲಿಫೋನ್ ಕೇಬಲಿನಿಂದ ದೂರದ ಮೂಲೆಗೆ, ಮೊದಲಿಗಿಂತ ತಗ್ಗಿನಲ್ಲಿ, ಹೊಸದಾಗಿ ಗುರುತು ಹಾಕಿದರು. ಸೆಕ್ರೆಟರಿಯ ಅನುಮತಿ ಪಡೆದು ಒಂದೊಂದು ಬೆಳಿಗ್ಗೆ ತಾತ್ಕಾಲಿಕವಾಗಿ ತಂತಿ ಕಟ್ಟಿ, ಬಲ ತಗ್ಗಿಸಿ ಮಾತನಾಡಿ, ಓಡಿ ಕೆಳಗೆ ಬಂದು ವರದಿ ಕೇಳುತ್ತಿದ್ದರು. ಬೀಜಿಯ ಮಾತನ್ನು ನಂಬುವಂತಿರಲಿಲ್ಲ. ಅವರು ಏನೂ ಬರುತ್ತಿಲ್ಲ ಎಂದೇ ಹೇಳುತ್ತಿದ್ದರು. ಹಾಗಾಗಿ ಫೋನ್ ಹಿಡಿದು ಕೂರುವ ಕೆಲಸಕ್ಕೆ ಸೆಕ್ರೆಟರಿ ಬಂದರು. ಅವರಿಗೆ ಅಂಕಿಗಳು ಇಷ್ಟವಾದವು. "ವನ್ ಫೈವ್" ಎನ್ನುವರು. ಮುಂದಿನ ವಾರ "ವನ್ ತ್ರೀ". ಒಂದು ಬೆಳಿಗ್ಗೆ ಬಹಳ ಹೊತ್ತು ಫೋನ್ ಹಿಡಿದು ಕೂತು, "ಇಲ್ಲ. ಬರೀ ಡಯಲ್ ಟೋನ್" ಎಂದರು.

"ಖಾತ್ರಿಯಾ?"

"ಮೇಡಂಜೀ, ಕೇಳಿಸಿದ್ದನ್ನೇ ಹೇಳ್ತಿದೀನಿ."

ಬೀಜಿ ಮುನಿಸಿಕೊಂಡು ಅಡುಗೆಮನೆಗೆ ಹೋದರು. ಅತ್ತೆ ಹಿಂದೆಯೇ ಹೋಗಿ, ಇನ್ನು ಮೇಲೆ ದಿನಾ ರೇಡಿಯೊ ಮುಗಿಸಿ ಬಂದು ಏನೇನು ಮಾತಾಯಿತೆಂದು ತಾವೇ ಹೇಳುವುದಾಗಿ ಒಪ್ಪಿಸಿದರು. ಮೊದಲ ದಿನ, ಮೈಸೂರಿನವರ ಮನೆಯ ನಲ್ಲಿ ಸೋರುವುದು, ಇನ್ನೊಬ್ಬರು ಕೊಂಡ ಹೊಸ ಬ್ಯಾಟರಿ, ದೆಹಲಿಯ ಸೆಕೆ, ಎಲ್ಲವನ್ನೂ ಹಿಂದಿಯಲ್ಲಿ ಒಪ್ಪಿಸಿದಾಗ ಬೀಜಿ ಚಹಾ ಲೋಟ ಕೆಳಗಿಟ್ಟು ಕೇಳಿದರು: "ಇಷ್ಟೇನಾ? ಇದಕ್ಕಾ ಅಷ್ಟು ದೊಡ್ಡ ತಂತಿ?"

"ಇಷ್ಟೇ, ಬೀಜಿ."

"ಪಾಠ್ ಅಂದ್ಕೊಂಡಿದ್ದೇ ಚೆನ್ನಾಗಿತ್ತು."

ಹಾಗೆ ಹೇಳಿದರೂ ಬೀಜಿ ಚಹಾ ಕೊಡುವುದನ್ನು ನಿಲ್ಲಿಸಲಿಲ್ಲ. ಅತ್ತೆಯೂ ಹೋಗುವುದು ಬಿಡಲಿಲ್ಲ.

ಆ ವರ್ಷದ ಕೊನೆಯ ಸಭೆಯಲ್ಲಿ ಅರ್ಜಿಯನ್ನು ಮಂಡಿಸಿದವರು ಸೆಕ್ರೆಟರಿ. 'ತೊಂದರೆ ಆಗಬಹುದು' ಎಂಬ ಸಾಲನ್ನು ಅವರೇ ಗಟ್ಟಿಯಾಗಿ ಓದಿ, ಈ ಸಾಲು ಬರೆದವರು ತೊಂದರೆಯಾದಾಗ ಏನು ಮಾಡಿದರೆಂದು ನಾನು ಕಣ್ಣಾರೆ ಕಂಡಿದ್ದೇನೆ ಎಂದರು. ಮ್ಯಾಚಿನ ವಿಷಯ ಎತ್ತಿದ್ದವರೂ ಕೈ ಎತ್ತಿದರು. ಬೀಜಿ ಎರಡೂ ಕೈ ಎತ್ತಿದರು, ಒಂದನ್ನಷ್ಟೇ ಎಣಿಸಿದರು.

ಮರು ಭಾನುವಾರ ಅತ್ತೆ ಗ್ರೇಟರ್ ನೋಯ್ಡಾದ ಸ್ವಂತ ಮನೆಯಿಂದ, ಅಧಿಕೃತ ಆಂಟೆನಾದಿಂದ, ಮೊದಲ ಸಲ ನೆಟ್‌ಗೆ ಹಾಜರಿ ಹಾಕಿದರು. ಬಲಗಿವಿಯ ಓಲೆ ಪೆಟ್ಟಿಗೆಯ ಮೇಲಿತ್ತು.

ಮೈಸೂರಿನ ಹಿರಿಯರು ಅವರ ಕರೆ ಸಂಕೇತವನ್ನು, ಲೈಸೆನ್ಸಿನಲ್ಲಿ ಕೊಟ್ಟಿರುವ ರೇಡಿಯೊ ಹೆಸರನ್ನು, ಎರಡು ಸಲ ಉಚ್ಚರಿಸಿ ಖಚಿತಪಡಿಸಿಕೊಂಡರು. ಆಮೇಲೆ, ಸಣ್ಣದಾಗಿ ಕೆಮ್ಮಿ, "ಮೇಡಂ, ನೀವು ತ್ರೀ ಫೋರ್" ಎಂದರು.

ಮಾವ ನಕ್ಕು ಬಿದ್ದರು. "ಇಷ್ಟು ಒದ್ದಾಡಿದ್ದಕ್ಕೆ ತ್ರೀ ಫೋರಾ? ಕಾರಲ್ಲೇ ಚೆನ್ನಾಗಿತ್ತಲ್ಲೇ."

ಅತ್ತೆ ಹೆಡ್‌ಫೋನನ್ನು ಕಿವಿಗೆ ಇನ್ನಷ್ಟು ಒತ್ತಿಕೊಂಡರು. ಮುಖ ಸೈಬೀರಿಯಾ ಸಿಕ್ಕ ದಿನದ ಹಾಗಿತ್ತು. "ಕೇಳಿದ್ರಾ? ಇಷ್ಟು ವರ್ಷದಲ್ಲಿ ಮೊದಲನೇ ಸಲ ಅವರು ನಿಜ ಹೇಳಿದಾರೆ." ಮೈಕ್ ಒತ್ತಿ, "ವಂದನೆ ಸರ್. ತಂತಿ ತಗ್ಗಲ್ಲಿದೆ, ಬಲ ಕಡಿಮೆ ಇಟ್ಟಿದೀನಿ. ಅಷ್ಟೇ ಬರ್ಬೇಕು" ಎಂದರು.

ಎರಡು ವರ್ಷ ಅಲ್ಲಿಂದ ಮಾತನಾಡಿದರು. ತ್ರೀ ಫೋರ್ ಒಮ್ಮೊಮ್ಮೆ ಫೋರ್ ಫೈವ್ ಆಗುತ್ತಿತ್ತು. ಬಲ ಹೆಚ್ಚಿಸಲಿಲ್ಲ.

2009ರ ಕೊನೆಯಲ್ಲಿ ಅತ್ತೆಗೆ ಹೃದಯದ ತೊಂದರೆ ಕಾಣಿಸಿಕೊಂಡಿತು. ಆಸ್ಪತ್ರೆಯಲ್ಲಿ ನರ್ಸ್ ಬಂದು, ನೋವು ಒಂದರಿಂದ ಹತ್ತರಲ್ಲಿ ಎಷ್ಟು ಎಂದು ಕೇಳಿದಾಗ ನಾನು ಪಕ್ಕದಲ್ಲಿದ್ದೆ. "ಮೊದಲು ಹತ್ತು ಅಂದ್ರೆ ಎಷ್ಟು ಅಂತ ಹೇಳಿ" ಎಂದರು ಅತ್ತೆ. ಇನ್ನು ತಡೆಯಲಾರೆ ಅನ್ನಿಸುವಷ್ಟು ಎಂದಳು ಆಕೆ. ಅತ್ತೆ ಕಣ್ಣು ಮುಚ್ಚಿ ಯೋಚಿಸಿದರು. "ಹಾಗಾದ್ರೆ ಆರು." ಮಾರನೆಯ ದಿನ ಬೆಳಿಗ್ಗೆ ತೀರಿಕೊಂಡರು.

ರೇಡಿಯೊ ಪೆಟ್ಟಿಗೆ ಅವರು ಮೊದಲೇ ಹೇಳಿಟ್ಟಿದ್ದಂತೆ ಲೈಸೆನ್ಸ್ ಇದ್ದವರ ಕೈ ಸೇರಿತು, ಹತ್ತಿರದ ಕಾಲೇಜೊಂದರ ಹ್ಯಾಮ್ ಕ್ಲಬ್ಬಿಗೆ. ಭಾನುವಾರದ ನೆಟ್ ನಡೆಯುತ್ತಿದೆ. ಮೈಸೂರಿನ ಹಿರಿಯರು ಈಗ ಹಲವರಿಗೆ ಫೈವ್ ನೈನ್ ಕೊಡುವುದಿಲ್ಲವೆಂದು ಕ್ಲಬ್ಬಿನವರು ಹೇಳಿದರು. ಇದು ನಾನೇ ಕೇಳಿದ್ದಲ್ಲ. ನನ್ನ ಟಿಪ್ಪಣಿಯಲ್ಲಿ ಇದರ ಪಕ್ಕ ಮೂರು ಎಂದಿದೆ.

ಕಳೆದ ತಿಂಗಳು ಮಾವನನ್ನು ನೋಡಲು ಹೋದಾಗ ತಾರಸಿಗೆ ಹೋಗಿದ್ದೆ. ಆಂಟೆನಾ ಇನ್ನೂ ಅಲ್ಲಿದೆ. ಯಾರೂ ಇಳಿಸಿಲ್ಲ. ಅದರ ಮೇಲೆ ಯಾರದೋ ಎರಡು ಬೆಡ್‌ಶೀಟ್ ಒಣಗುತ್ತಿದ್ದವು.